ಬೋಳುತಲೆ ತೋರಿಸಿದಿರಿ, ಕೂದಲು ಬೆಳೆದದ್ದೆಲ್ಲಿ?

ನಮಸ್ಕಾರ. ಮಾಟುಂಗದಲ್ಲೋ ಡೊಂಬಿವಲಿಯಲ್ಲೋ ಕೂತು ಕೇಳುತ್ತಿರುವವರ ಮುಂದೆ ಇವತ್ತು ಒಂದೇ ತಕರಾರು. ಹಳೇ ಕಾಲದ ಕಥೆಯ ಸಿನಿಮಾ, ಅದರಲ್ಲಿ ತಲೆ ಬೋಳಿಸಿಕೊಳ್ಳಲು ಒಲ್ಲೆ ಅನ್ನುವ ವಿಧವೆ. ಪುಣೆಯ ವಾಡೆ, ಕತ್ತಲ ಕೋಣೆ, ನೆಲಕ್ಕೆ ಬೀಳುವ ಜಡೆ, ಹಿನ್ನೆಲೆಗೆ ತಂಬೂರಿ. ಆಮೇಲೊಂದು ದಿನ ಆಕೆ ‘ಇನ್ನು ಸಾಕು’ ಅಂತಾಳೆ. ಮುಂದಿನ ದೃಶ್ಯದಲ್ಲಿ ಬೆನ್ನು ತುಂಬ ಕೂದಲು! ಏನ್ರೀ ಇದು?

ಕೂದಲು ತಿಂಗಳಿಗೆ ಬೆಳೆಯೋದು ಹೆಚ್ಚುಕಡಿಮೆ 1 ಸೆಂಟಿಮೀಟರ್. ಆರು ತಿಂಗಳಾದರೂ ಬೆರಳಿಗೆ ಸಿಗುತ್ತೆ, ಕಟ್ಟೋಕೆ ಬರಲ್ಲ. ತುರುಬು ಅನ್ನಿಸಿಕೊಳ್ಳೋಕೆ ಎರಡು ವರ್ಷವೇ ಬೇಕು. ಕೇಶಮುಂಡನವಂತೂ ಒಂದು ದಿನಕ್ಕೆ ಮುಗಿಯುವ ಕೆಲಸವಲ್ಲ. ಕೂದಲು ಚಿಗುರಿದ ಹಾಗೆಲ್ಲ ಮತ್ತೆ ಕತ್ತಿ. ಅಂದರೆ ಆಕೆ ‘ಬೇಡ’ ಅನ್ನಬೇಕಾದ್ದೂ ಮತ್ತೆ ಮತ್ತೆ. ತಲೆಯಲ್ಲಿ ಕೂದಲಿರೋ ವಿಧವೆ ಕೈಯ ನೀರು ಮಡಿಯವರಿಗೆ ಆಗದು. ಅಂಗುಲ ಅಂಗುಲ ಬೆಳೆಯೋ ಆ ಕೂದಲನ್ನು ಮನೆಯವರೆಲ್ಲ ದಿನಾ ನೋಡ್ತಾರೆ. ಕಥೆ ಇರೋದೇ ಅಲ್ಲಿ, ಎಡಿಟಿಂಗಿನಲ್ಲಿ ಕತ್ತರಿಸಿ ಎಸೆಯೋದೂ ಅದನ್ನೇ.

ನಮ್ಮ ಕನ್ನಡ ಸಿನಿಮಾದಲ್ಲಿ ಇದಕ್ಕೆ ದಾರಿ ಹಾಕಿಟ್ಟಿದ್ದಾರೆ. 1977ರ ‘ಘಟಶ್ರಾದ್ಧ’ದ ಕೊನೆಗೆ ಯಮುನಕ್ಕನ ಬೋಳುತಲೆ ಕಂಡಾಗ ಯಾರೂ ಭಾಷಣ ಮಾಡಲ್ಲ. ಪ್ರೇಮಾ ಕಾರಂತರ ‘ಫಣಿಯಮ್ಮ’ದಲ್ಲಿ ದಾಕ್ಷಾಯಿಣಿ ಒಲ್ಲೆ ಅಂತಾಳೆ, ಸ್ವತಃ ಬೋಳುತಲೆಯ ಮುದುಕಿ ಫಣಿಯಮ್ಮ ಅವಳ ಪರ ನಿಲ್ತಾಳೆ.

ಈಗ ಮೇಕಪ್ಪಿಗೆ ಬರೋಣ. ಬಾಲ್ಡ್ ಕ್ಯಾಪ್ ಅಂದರೆ ನಟಿಯ ಕೂದಲಿಗೆ ಜೆಲ್ ಹಚ್ಚಿ ನೆತ್ತಿಗೆ ಒತ್ತಿ, ಮೇಲೊಂದು ತೆಳು ಟೊಪ್ಪಿ ಎಳೆದು ಹಣೆ, ಕಿವಿಯ ಹಿಂದೆ, ಕತ್ತಿನ ಬುಡದಲ್ಲಿ ಅಂಟಿಸೋದು. ಸೊಂಟದುದ್ದದ ಕೂದಲು ಹೋಗೋದೆಲ್ಲಿಗೆ? ತಲೆಯ ಹಿಂಭಾಗ ಊದಿಕೊಳ್ಳುತ್ತೆ. ಪ್ಲಾಸ್ಟಿಕ್ ಟೊಪ್ಪಿಯ ಅಂಚನ್ನು ಅಸಿಟೋನ್ ಹಚ್ಚಿ ಕರಗಿಸಿ ಚರ್ಮಕ್ಕೆ ಸೇರಿಸಬಹುದು. ಲೇಟೆಕ್ಸ್, ಅಂದರೆ ರಬ್ಬರಿನ ಟೊಪ್ಪಿ ಹಾಗೆ ಕರಗಲ್ಲ, ಗೆರೆ ಉಳಿಯುತ್ತೆ. ಮೇ ತಿಂಗಳ ಗೋರೆಗಾಂವ್ ಸ್ಟುಡಿಯೋದ ಬೆವರಿಗೆ ಮೊದಲು ಏಳೋದು ಕತ್ತಿನ ಬುಡ, ತಲೆ ತಿರುಗಿಸಿದಾಗೆಲ್ಲ ಅಲ್ಲಿ ಎಳೆತ ಬೀಳುತ್ತಲ್ಲ. ಇನ್ನು ಬಣ್ಣ. ಮುಖಕ್ಕೆ ಹಚ್ಚಿದ್ದನ್ನೇ ತಲೆಗೂ ಬಳೀತಾರೆ. ಬಿಸಿಲು ಕಾಣದ ನೆತ್ತಿ ಮುಖಕ್ಕಿಂತ ಬಿಳಿಚಿರುತ್ತೆ, ಕೂದಲ ಬುಡದ ನೀಲಿ-ಬೂದು ಚುಕ್ಕೆ ಕಾಣುತ್ತೆ. ಅದಿಲ್ಲದಿದ್ದರೆ ತಾಮ್ರದ ಚೊಂಬು.

ಕತ್ತಿಯ ವಿಷಯ ಬೇರೆ. 1890ರ ಕಥೆಯಲ್ಲಿ ಅರ್ಧ ಬ್ಲೇಡ್ ಸಿಕ್ಕಿಸೋ ಇವತ್ತಿನ ಸಲೂನಿನ ರೇಜರ್ ಹಿಡಿಸಬೇಡಿ. ತೊಗಲಿನ ಪಟ್ಟಿ ಮೇಲೆ ಮಸೆಯೋ ಮಡಚುಗತ್ತಿ ಕೊಡಿ. ಹಿಡಿದವನಿಗೂ ಒಂದು ಮುಖ ಕೊಡಿ. 1890ರಲ್ಲಿ ಇದೇ ಮುಂಬಯಿಯ ಕ್ಷೌರಿಕರು ವಿಧವೆಯರ ತಲೆ ಬೋಳಿಸಲ್ಲ ಅಂತ ಕೆಲಸಕ್ಕೆ ಕೈ ಮುಗಿದರು. ಅವರನ್ನು ಒಟ್ಟುಗೂಡಿಸಿದವರು ಗಿರಣಿ ಕಾರ್ಮಿಕರ ಮುಂದಾಳು ನಾರಾಯಣ ಮೇಘಾಜಿ ಲೋಖಂಡೆ. ನಮ್ಮ ಸಿನಿಮಾಗಳಲ್ಲಿ ಕ್ಷೌರಿಕ ಇವತ್ತಿಗೂ ಬರೀ ಒಂದು ಕೈ.

ಹಾಗಾದರೆ ತೆಗೆಯೋದು ಹೇಗೆ? ಉದ್ದ ಕೂದಲಿನ ದೃಶ್ಯಗಳನ್ನೆಲ್ಲ ಮೊದಲು ಮುಗಿಸಿ. ಬೋಳಿಸೋದು ಒಂದೇ ಸಲ, ಮೂರು ಕ್ಯಾಮೆರಾ ಇಟ್ಟು. ಎರಡನೇ ಟೇಕ್ ಇಲ್ಲ. ಬೋಳುತಲೆಯ ದೃಶ್ಯ ಆ ವಾರವೇ ಮುಗಿಯಲಿ, ಚಿಗುರಿದ್ದು ಹತ್ತು ದಿನ ಬಿಟ್ಟು. ಎರಡು ತಿಂಗಳಿಗೆ ಮತ್ತೊಂದು ಶೆಡ್ಯೂಲ್, ಆರು ತಿಂಗಳಿಗೆ ಇನ್ನೊಂದು. ಕೊನೆಯ ತುರುಬಿಗೆ ಮಾತ್ರ ವಿಗ್, ಅದೂ ಹಣೆಯ ಅಂಚಿನಲ್ಲಿ ಒಂದೊಂದೇ ಎಳೆ ಗಂಟು ಹಾಕಿದ ಲೇಸಿನದು. ಅಂಚು ದಟ್ಟವಾದರೆ 4ಕೆ ಕ್ಯಾಮೆರಾ ಬಿಡಲ್ಲ. ನಟಿ ಆ ತಿಂಗಳುಗಳಲ್ಲಿ ಬೇರೆ ಪಾತ್ರ ಒಪ್ಪೋ ಹಾಗಿಲ್ಲ. ಆ ಸಂಭಾವನೆ ನಿರ್ಮಾಪಕರು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಒಪ್ಪಂದದಲ್ಲಿ ಬರೆಯದೆ ನಟಿಯನ್ನೇ ದೂರೋದು ನ್ಯಾಯವಲ್ಲ.

ಒಂದು ಶಾಟ್ ಮಾತ್ರ ಬಿಡಬೇಡಿ. ಬೋಳಿಸಿ ಮೂರನೇ ದಿನಕ್ಕೆ ತಲೆ ಮುಳ್ಳು ಮುಳ್ಳಾಗಿರುತ್ತೆ, ಸೆರಗು ಜಾರೋದಿಲ್ಲ, ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತೆ. ಟೊಪ್ಪಿಯ ಮೇಲೆ ಅದೇ ಸೆರಗು ಸರ್ರನೆ ಜಾರುತ್ತೆ. ಕ್ಯಾಮೆರಾ ಆಕೆಯ ಹಿಂದಿಡಿ. ಕೆಂಪು ಸೀರೆಯ ಸೆರಗು ಎಳೆದುಕೊಳ್ಳೋಕೆ ಹೋಗ್ತಾಳೆ, ಬಟ್ಟೆ ನೆತ್ತಿಗೆ ಕಚ್ಚಿ ನಿಲ್ಲುತ್ತೆ, ಕೈ ಅಲ್ಲೇ ತಡೆಯುತ್ತೆ. ಸಂಗೀತ ಹಾಕಬೇಡಿ, ಆ ಸದ್ದು ಮೈಕಿಗೆ ಸಿಗುತ್ತೆ.