ಕಾನ್ವೆಂಟಿನ ಎಂಟನೇ ಕ್ಲಾಸು

ಎಲ್ಲರಿಗೂ ನಮಸ್ಕಾರ.

"ಟೀಚರ್, ನಿಮ್ಮ ಕಾನ್ವೆಂಟಿನಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಏನು ಕಲಿಸ್ತೀರಿ?" ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲ ಕಡೆ ಕೇಳುತ್ತಾರೆ. ಅವರಿಗೆ ಬೇಕಾದ ಉತ್ತರ ಗಣಿತದ್ದಲ್ಲ, ಧರ್ಮದ ಪಾಠದ್ದು ಅಂತ ನನಗೂ ಗೊತ್ತು. ಆದರೂ ನಾನು ಗಣಿತ ಅಂತಲೇ ಶುರು ಮಾಡುವುದು. ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಚರ್ಚಿನ ಕಾಂಪೌಂಡಿನ ಒಳಗೂ ಹೊರಗೂ ಪುಸ್ತಕ ಒಂದೇ. ಬೀಜೋಕ್ತಿ, ಜೀವಕೋಶ, ಮೌರ್ಯರು, ಜೊತೆಗೆ ಮೂರು ಭಾಷೆ.

ಎಂಟು ಒಂದು ವಿಚಿತ್ರ ಕ್ಲಾಸು. ನಮ್ಮಲ್ಲಿ ಹೈಸ್ಕೂಲು ಅಲ್ಲಿಂದ ಶುರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಉಚಿತ, ಕಡ್ಡಾಯ ಶಿಕ್ಷಣಕ್ಕೆ ಅದೇ ಕೊನೆ.

ಮಂಗಳೂರು ಕಡೆ ಕೆಲವು ಶಾಲೆಗಳಲ್ಲಿ ಮೂರನೇ ಭಾಷೆಯಾಗಿ ಕೊಂಕಣಿ ತೆಗೆದುಕೊಳ್ಳಬಹುದು, 2007ರಿಂದ. ಅದನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು. ಮನೆಯಲ್ಲಿ ಅಜ್ಜಿಯ ಹತ್ತಿರ ಪಟಪಟ ಕೊಂಕಣಿ ಮಾತಾಡುವ ಹುಡುಗ ಪರೀಕ್ಷೆಯಲ್ಲಿ ಅದೇ ಕೊಂಕಣಿಗೆ ಕಡಿಮೆ ಮಾರ್ಕು ತೆಗೆದು ಮನೆಗೆ ಹೋದರೆ ಆಗುವ ಮಂಗಳಾರತಿ ಬೇರೆ!

ಇನ್ನು ನೀವು ಕೇಳಬೇಕೆಂದಿದ್ದ ವಿಷಯ. ನಮ್ಮ ಶಾಲೆಯಲ್ಲಿ ವಾರಕ್ಕೊಂದು ಪೀರಿಯಡ್ ಕ್ಲಾಸು ಎರಡಾಗುತ್ತದೆ. ಕಥೋಲಿಕ್ ಮಕ್ಕಳು ಕ್ಯಾಟೆಕಿಸಮ್ಮಿಗೆ, ಅಂದರೆ ತಮ್ಮ ಧರ್ಮದ ಪಾಠಕ್ಕೆ, ಪಕ್ಕದ ಕೋಣೆಗೆ ಹೋಗುತ್ತಾರೆ. ಅಲ್ಲಿ ಸಂಸ್ಕಾರಗಳು, ಹತ್ತು ಕಟ್ಟಳೆಗಳು, ಪವಿತ್ರಾತ್ಮರ ಏಳು ವರಗಳು. ಉಳಿದವರಿಗೆ ಇಲ್ಲೇ ಮೋರಲ್ ಸೈನ್ಸ್. ಇದು ಸಿಸ್ಟರುಗಳ ದೊಡ್ಡ ಮನಸ್ಸಿನ ವಿಷಯ ಮಾತ್ರ ಅಲ್ಲ. ಸಂವಿಧಾನದ 28(3)ನೇ ವಿಧಿಯ ಪ್ರಕಾರ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವ ಹಾಗಿಲ್ಲ. ಒಪ್ಪುವ ಮಾತೇ. ಆದರೆ ಒಂದೇ ಬೆಂಚಿನ ಇಬ್ಬರು ಬೇರೆ ಬೇರೆ ಕೋಣೆಗೆ ಹೋಗಿ ಬಂದು "ನಿಮಗೇನು ಹೇಳಿದ್ರು?" ಅಂತ ಪಿಸುಗುಡುವುದನ್ನು ಕಂಡಾಗಲೆಲ್ಲ, ಆ ಪೀರಿಯಡ್ಡಿನಲ್ಲಿ ಹೇಳುವ ಮಾತು ಒಟ್ಟಿಗೆ ಕೂತಾಗ ಬರಬಾರದೇ ಅನ್ನಿಸುತ್ತದೆ ನನಗೆ.

ಒಮ್ಮೆ ಬಂತು, ನನ್ನದೇ ವಿಜ್ಞಾನದ ಪಾಠದಲ್ಲಿ. ಮಕ್ಕಳನ್ನು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಇಟಲಿಯ ಜೆಸ್ವಿಟ್ (ಯೇಸು ಸಭೆಯ) ಬ್ರದರ್ ಆಂಟೋನಿಯೋ ಮೊಸ್ಕೇನಿ ಬರೆದ ಚಿತ್ರಗಳು ಗೋಡೆ, ಮಾಡು ತುಂಬ ಇವೆ. ಕತ್ತೆತ್ತಿ ನೋಡಿ ನೋಡಿ ಮಕ್ಕಳಿಗೆ ಕುತ್ತಿಗೆ ನೋವು. ಅಲೋಶಿಯಸ್ 1591ರಲ್ಲಿ ರೋಮಿನಲ್ಲಿ ಪ್ಲೇಗಿನವರ ಸೇವೆ ಮಾಡುತ್ತಾ ಕಾಯಿಲೆ ತಗುಲಿ 23ಕ್ಕೇ ತೀರಿಕೊಂಡವ. ಮರುದಿನ ಕ್ಲಾಸಿನಲ್ಲಿ ಸೂಕ್ಷ್ಮಜೀವಿಗಳ ಪಾಠ. ಪ್ಲೇಗಿನ ಬ್ಯಾಕ್ಟೀರಿಯಾ ಪತ್ತೆಯಾದದ್ದು 1894ರಲ್ಲಿ, ಹಾಂಗ್‌ಕಾಂಗಿನಲ್ಲಿ. ಮೊಸ್ಕೇನಿ ಇಲ್ಲಿ ಕುಂಚ ಹಿಡಿದದ್ದು ಅದಾಗಿ ಕೆಲವೇ ವರ್ಷಕ್ಕೆ. ಇದನ್ನು ಬೋರ್ಡಿನಲ್ಲಿ ಬರೆದೆ.

ಕ್ಯಾಟೆಕಿಸಮ್ಮಿನ ಹುಡುಗನೊಬ್ಬ ಎದ್ದು ನಿಂತ. "ಟೀಚರ್, ಅದು ಹೇಗೆ ಹರಡ್ತದೆ ಅಂತ ಗೊತ್ತಿದ್ದಿದ್ರೆ ಅವರು ಹತ್ತಿರ ಹೋಗ್ತಿದ್ರಾ?"

ನಾನು ಬಾಯಿ ತೆರೆಯುವುದರೊಳಗೆ ಮೋರಲ್ ಸೈನ್ಸ್ ಗುಂಪಿನ ಹುಡುಗಿಯ ದನಿ ಬಂತು. "ನಮ್ಮಮ್ಮ ನರ್ಸ್. ಕೊರೋನಾ ಟೈಮಲ್ಲಿ ಅವರಿಗೆ ಎಲ್ಲ ಗೊತ್ತಿತ್ತಲ್ಲ. ಆದ್ರೂ ದಿನಾ ವಾರ್ಡಿಗೆ ಹೋಗ್ತಿದ್ರು."

"ಮಾಸ್ಕ್ ಹಾಕಿದ್ರಲ್ಲ ಮತ್ತೆ?" ಅಂದ ಇವ, ಬಿಡದೆ.

"ಹಾಕಿದ್ರು. ಮನೆಗೆ ಬಂದ್ಮೇಲೆ ನನ್ನನ್ನು ಹತ್ತಿರ ಸೇರಿಸ್ತಿರಲಿಲ್ಲ."

ಹುಡುಗ ಕೂತುಕೊಂಡ. ನಾನು ಬೋರ್ಡಿನ ಕಡೆ ತಿರುಗಿ, ರೋಗ ಹರಡುವ ಬಗೆ ಅಂತ ತಲೆಬರಹ ಬರೆದೆ.