ಹಾರಿದ್ದು ಒಂದು ಗಂಟೆ, ಮನೆ ಮುಟ್ಟಿದ್ದು ಸಂಜೆಗೆ

ಬೆಂಗಳೂರಿಂದ ನಮ್ಮೂರು ಕಾರವಾರಕ್ಕೆ, ಗೋವಾ ತನಕ ವಿಮಾನದಲ್ಲಿ ಹೋದ ಕಥೆ ಇದು. ಬ್ಯಾಗು ಕೊಟ್ಟಿದ್ದು, ಬೆಲ್ಟ್ ಬಿಚ್ಚಿದ್ದು ಎಲ್ಲ ವಿಡಿಯೋದಲ್ಲಿ ನೋಡ್ತಾ ಇದೀರಿ, ಅದನ್ನ ಮತ್ತೆ ಹೇಳಲ್ಲ. ಕಿಟಕಿ ಸೀಟೇ ಸಿಕ್ತು, ಹೊರಗೆ ಮಾತ್ರ ಬರೀ ಮೋಡ.

ಬೆಂಗಳೂರಿಂದ ಗೋವಾಕ್ಕೆ ನೇರ ಗೆರೆ ಎಳೆದ್ರೆ 500 ಕಿ.ಮೀ. ಹತ್ತಿರ. ಟಿಕೆಟ್ಟಲ್ಲಿ ಒಂದೂಕಾಲು ಗಂಟೆ ಅಂತ ಇರುತ್ತೆ, ಗಾಳಿಯಲ್ಲಿರೋದು ಸುಮಾರು ಒಂದು ಗಂಟೆ. ಉಳಿದಿದ್ದು ರನ್‌ವೇ ತನಕ ತೆವಳೋದು, ಇಳಿದ್ಮೇಲೆ ಮತ್ತೆ ತೆವಳೋದು. ಅದೇ ಗೆರೆ ಕಾರವಾರಕ್ಕೆ ಎಳೀರಿ, 425 ಕಿ.ಮೀ. ಆಸುಪಾಸು ಅಷ್ಟೇ! ಅಂದ್ರೆ ಊರು ಬಿಟ್ಟು ಮುಂದೆ ಹೋಗಿ, ದುಡ್ಡು ಕೊಟ್ಟು ಹಿಂದೆ ಬರ್ಬೇಕು. ನಮ್ಮಲ್ಲಿ ನೌಕಾನೆಲೆ ಇದೆ, ನಮ್ಮಂಥವ್ರು ಹತ್ತೋ ವಿಮಾನ ಇಲ್ಲ. ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಆಗುತ್ತೆ ಅಂತ ಕೇಳ್ತಾನೇ ಇದೀವಿ.

ಹಾಂ, ಈ ಶಾಟ್. ಟಿಕೆಟ್ ಮೇಲೆ ನನ್ನ ಬೆರಳು ಎಲ್ಲಿದೆ ನೋಡಿ. ಜಿಒಎಕ್ಸ್, ಇಳಿಯೋ ನಿಲ್ದಾಣದ ಕೋಡ್. ಹಳೇ ನಿಲ್ದಾಣ ದಾಬೋಳಿ ಆದ್ರೆ ಜಿಒಐ, ಈ 'ಎಕ್ಸ್' ಅಂದ್ರೆ ಹೊಸದು, ಮೋಪಾ. 2023ರ ಜನವರಿಯಿಂದ ಗೋವಾಕ್ಕೆ ಎರಡು ನಿಲ್ದಾಣ ಮಾರಾಯ್ರೆ, ನಾನು 'ಗೋವಾ' ಅಂತ ಒತ್ತಿ, ಅಗ್ಗದ್ದು ಯಾವ್ದು ಅಂತ ನೋಡಿ ಬುಕ್ ಮಾಡಿದ್ದು. 900 ರೂಪಾಯಿ ಉಳೀತು ಅಂತ ಬೀಗಿದ್ದೂ ಆಯ್ತು. ದಾಬೋಳಿ ದಕ್ಷಿಣದಲ್ಲಿ, ನಮ್ಗೆ ಹತ್ತಿರ. ಮೋಪಾ ಪೆಡ್ನೆ ತಾಲ್ಲೂಕು, ಇನ್ನೊಂದು ಚೂರು ಹೋದ್ರೆ ಮಹಾರಾಷ್ಟ್ರ! ಅಂದ್ರೆ ಇಡೀ ಗೋವಾವನ್ನ ಉದ್ದಕ್ಕೆ ದಾಟ್ಬೇಕು.

ಟ್ಯಾಕ್ಸಿಯವ್ರು 5,500 ಅಂದ್ರು. ವಿಮಾನಕ್ಕೇ 3,400 ಕೊಟ್ಟಿದೀನಣ್ಣ ಅಂದೆ. "ವಿಮಾನ ವಾಪಸ್ ಖಾಲಿ ಬರೂದಿಲ್ಲ, ನಾ ಬರ್ಬೇಕಲ್ಲ" ಅಂದ್ರು. ಮೊದ್ಲು ಲೂಟಿ ಅಂತ ಬೈಕೊಂಡೆ. ಆಮೇಲೆ ಯೋಚ್ನೆ ಮಾಡಿದ್ರೆ ಅವ್ರ ಮಾತು ಸರಿನೇ. ಆದ್ರೂ ಕೊಡ್ಲಿಲ್ಲ.

ಪಣಜಿ, ಮಡಗಾಂವ್, ಕಾರವಾರ. ಮೂರು ಬಸ್ಸು. ಮಡಗಾಂವಲ್ಲಿ ತಿಂದ ಪಾವ್ ಭಾಜಿ ಚೆನ್ನಾಗಿತ್ತು, ತೋರಿಸ್ಬೇಕಿತ್ತು, ಕೈಯಲ್ಲಿ ಎಣ್ಣೆ. ಕಾಣಕೋಣ ದಾಟೋ ಹೊತ್ತಿಗೆ ಆಯಿ ಫೋನು: "ನಿನ್ ತಮ್ಮ ರಾತ್ರಿ ಬಸ್ಸಿಗೆ ಹತ್ತಿ, ಬೆಳಗ್ಗೆ ಬಂದು, ಸ್ನಾನ ಮಾಡಿ, ಉಂಡು ಮಲಗ್ದ. ನೀ ಹಾರಿ ಬರ್ತ್ಯೋ, ನಡ್ಕಂಡ್ ಬರ್ತ್ಯೋ?" ಹಿಂದಿನ ಸೀಟಿನ ಅಜ್ಜಿಗೂ ಕೇಳ್ಸಿ ನಕ್ಬಿಟ್ರು.

ಲೆಕ್ಕ ಹಾಕಿ. ಮನೆ ಬಿಟ್ಟಿದ್ದು ಬೆಳಗ್ಗೆ ಐದೂ ಮುಕ್ಕಾಲು. ಈಗ ನಾಲ್ಕೂಕಾಲು. ಹತ್ತೂವರೆ ಗಂಟೆ! ಇನ್ಮೇಲೆ ಪಂಚಗಂಗಾ ರೈಲೇ ಗತಿ, ಸಂಜೆ ಹತ್ತಿದ್ರೆ ಬೆಳಗ್ಗೆ ಊರು. ದಾಬೋಳಿಗೆ ಅಗ್ಗಕ್ಕೆ ಸಿಕ್ರೆ ಮಾತ್ರ... ಅದು ಬೇರೆ ವಿಷ್ಯ.

ಓ, ಸದಾಶಿವಗಡ ಬಂತು. ಎದುರಿಗೆ ಕಾಳಿ ನದಿ. ಪಕ್ಕದಲ್ಲಿದ್ದ ಹಳೇ ಸೇತುವೆ 2024ರ ಆಗಸ್ಟ್ 7ರ ನಸುಕಲ್ಲಿ ಬಿದ್ದಿದ್ದು, ಲಾರಿ ಸಮೇತ. ಆ ಕಥೆ ಇನ್ನೊಂದಿನ ಹೇಳ್ತೀನಿ, ಕೋಡಿಬಾಗ ಬಂತು, ಕಂಡಕ್ಟರ್ ಬೇರೆ ನನ್ನೇ ನೋಡ್ತಿದಾರೆ, ಬ್ಯಾಗು ಇಳಿಸ್ಬೇಕು.