ಹಮ್ತಾ ಪಾಸ್: ಒಂದೇ ದಿನ, ಎರಡು ಕಣಿವೆ

ಹಿಮಾಚಲ ಪ್ರದೇಶದ ಹಮ್ತಾ ಪಾಸ್ ಚಾರಣ, ಬೆಳಗಿನ ಜಾವ ಐದೂವರೆ. ನೀವು ನೋಡ್ತಿರೋದು ಬಾಲು ಕಾ ಘೇರಾ, ಸುಮಾರು 3,600 ಮೀಟರ್ ಎತ್ತರದಲ್ಲಿರೋ ಮರಳು ತುಂಬಿದ ಹೊಳೆಪಾತ್ರ. ಕೆಳಗೆ ಕಾಣೋ ಹಸಿರೆಲ್ಲ ಕುಲ್ಲು ಕಡೆಯ ಕಣಿವೆ. ಇವತ್ತು ಮಲಗೋದು ಶಿಯಾ ಗೋರುವಿನಲ್ಲಿ, ಅದು ಲಾಹೌಲ್ ಕಡೆ. ನಡುವೆ ಸುಮಾರು 4,270 ಮೀಟರಿನ ಪಾಸ್, ಅಂದರೆ ಬೆಟ್ಟಸಾಲು ದಾಟೋ ದಾರಿ.

ಇಷ್ಟು ಬೇಗ ಹೊರಡೋದು ಹಿಮದ ಸಲುವಾಗಿ. ಜೂನ್‌ನಲ್ಲಿ ಬೆಳಿಗ್ಗೆ ಅದು ಗಟ್ಟಿ ಇರುತ್ತೆ, ಬೂಟಿನಡಿಗೆ ಹಾಕೋ ಲೋಹದ ಹಲ್ಲುಗಳು, ಅಂದರೆ ಮೈಕ್ರೋಸ್ಪೈಕ್ಸ್, ಚೆನ್ನಾಗಿ ಕಚ್ಚುತ್ತೆ. ಬಿಸಿಲೇರಿದರೆ ಕಾಲು ಮೊಣಕಾಲವರೆಗೂ ಹೂತು ಹೋಗುತ್ತೆ. ಮಧ್ಯಾಹ್ನ ಮೋಡ ಕವಿದರೆ ದಾರಿಯೂ ಕಾಣಲ್ಲ.

ಗುಂಪಿನ ಸಾಲು ಗಮನಿಸಿ. ನಿಧಾನ ನಡೆಯೋರು ಗೈಡ್ ಬೆನ್ನಿಗೇ ಇದ್ದಾರೆ, ಗಟ್ಟಿಗರು ಹಿಂದೆ, ಕೊನೆಯಲ್ಲಿ ಒಬ್ಬ ಅನುಭವಿ. ಇದು ತಲೆಕೆಳಗಾದರೆ ಮುಂದಿನೋರು ಓಡಿ ಹೋಗಿ ಕೂತು ಸುಧಾರಿಸಿಕೊಳ್ತಾರೆ. ಹಿಂದಿನೋರು ಏದುಸಿರು ಬಿಡ್ತಾ ತಲುಪೋ ಹೊತ್ತಿಗೆ 'ನಡೀರಿ' ಅಂತಾರೆ. ಹೆಚ್ಚು ದಣಿದವರಿಗೇ ವಿಶ್ರಾಂತಿ ಇಲ್ಲ. ಎಷ್ಟೋ ಗುಂಪುಗಳು ಚೆದುರೋದು ಇದರಿಂದಲೇ. ಮುಕ್ಕಾಲು ಗಂಟೆ ನಡಿಗೆ, ಐದು ನಿಮಿಷ ನಿಲುಗಡೆ. ಜಾಸ್ತಿ ಕೂತರೆ ಬೆವರು ತಣ್ಣಗಾಗಿ ನಡುಕ ಹತ್ತುತ್ತೆ.

ನಡೀತಾ ಒಂದು ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು, ಆಗದಿದ್ದರೆ ವೇಗ ಜಾಸ್ತಿಯಾಯ್ತು ಅಂತ. ಬೆಂಗಳೂರು ಇರೋದು 900 ಮೀಟರ್ ಆಸುಪಾಸಿನಲ್ಲಿ. ಅಲ್ಲಿ ದಿನಾ ಹತ್ತು ಕಿಲೋಮೀಟರ್ ಓಡೋರನ್ನೂ ಈ ಎತ್ತರ ಬಿಡಲ್ಲ. ತಲೆನೋವಿನ ಜೊತೆ ವಾಕರಿಕೆ ಬಂದರೆ ಗೈಡ್‌ಗೆ ಹೇಳಿಬಿಡಿ, ದಯವಿಟ್ಟು ಸಂಕೋಚ ಪಡಬೇಡಿ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನೆಟ್ಟಗೆ ನಡೆಯೋಕೆ ಆಗದೆ ತೂರಾಡಿದರೆ ತಕ್ಷಣ ಕೆಳಗಿಳಿಸಬೇಕು. ಮಾತ್ರೆ ನುಂಗಿಸಿ ಮೇಲಕ್ಕೆ ಕರೆದೊಯ್ಯೋದು ಪ್ರಾಣಾಪಾಯ.

ಪಾಸ್ ಬಂತು. ಕಪ್ಪು ಕನ್ನಡಕ ತೆಗೀಬೇಡಿ, ಹಿಮದ ಬೆಳಕಿಗೆ ಕಣ್ಣು ಸುಟ್ಟರೆ ಉರಿ ಶುರುವಾಗೋದು ಕೆಲವು ಗಂಟೆ ಆದಮೇಲೆ. ಹಿಂದೆ ಹಸಿರು, ಮುಂದೆ ಬೋಳು ಕಂದು ಬೆಟ್ಟಗಳು: ಮಳೆಗಾಲದ ಮೋಡಗಳನ್ನ ನಾವು ನಿಂತಿರೋ ಪೀರ್ ಪಂಜಾಲ್ ಬೆಟ್ಟಸಾಲು ಕುಲ್ಲು ಕಡೆಗೇ ತಡೆಯುತ್ತೆ. ಇಂಥ ನೋಟ ಸಿಗೋ ಜಾಗ ಅಪರೂಪ.

ಜಾಸ್ತಿ ಜನ ಬೀಳೋದು ಇಳಿಯುವಾಗ. ಚಾರಣದ ಕೋಲನ್ನ ಸ್ವಲ್ಪ ಉದ್ದ ಮಾಡಿ, ಹಿಮ್ಮಡಿ ಒತ್ತಿ ಊರಿ. ಕೂತು ಜಾರೋ ಆಸೆಯಿದ್ದರೆ ಸ್ಪೈಕ್ಸ್ ಬಿಚ್ಚಿ; ಹಲ್ಲು ಹಿಮಕ್ಕೆ ಸಿಕ್ಕಿಕೊಂಡರೆ ಪಾದ ತಿರುಚಿಹೋಗುತ್ತೆ. ತುದಿ ಕಾಣದ ಇಳಿಜಾರಲ್ಲಿ ಜಾರಲೇಬೇಡಿ.

ಶಿಯಾ ಗೋರು. ಇಲ್ಲಿನ ಹೊಳೆಯನ್ನ ಸಂಜೆ ದಾಟಲ್ಲ. ಇಡೀ ದಿನ ಕರಗಿದ ಹಿಮದ ನೀರು ಈಗ ತುಂಬಿ ಹರೀತಿದೆ. ರಾತ್ರಿ ಚಳಿಗೆ ಕರಗೋದು ಕಡಿಮೆಯಾಗಿ ಬೆಳಿಗ್ಗೆ ಇಳಿದಿರುತ್ತೆ. ಆಗ ಬರಿಗಾಲಲ್ಲಿ ಬೇಡ, ಸ್ಯಾಂಡಲ್ ಹಾಕಿ. ಬ್ಯಾಗಿನ ಸೊಂಟದ, ಎದೆಯ ಪಟ್ಟಿ ಬಿಚ್ಚಿಡಿ, ಬಿದ್ದರೆ ಕಳಚಿಕೊಳ್ಳೋಕೆ ಆಗಬೇಕು. ತೋಳಿಗೆ ತೋಳು ಹೆಣೆದು, ನೀರು ಬರೋ ಕಡೆ ಮುಖ ಮಾಡಿ, ಅಡ್ಡಡ್ಡ ಹೆಜ್ಜೆ. ಆಚೆ ದಡ ಸೇರಿದ ಕೂಡಲೇ ಕಾಲು ಒರೆಸಿ ಒಣ ಸಾಕ್ಸ್ ಹಾಕಿ, ಕೊನೆಯವರು ದಾಟೋವರೆಗೂ ಅಲ್ಲೇ ಇರಿ.